ಗಾದಿಯ ಮೇಲಿನ ಮಾತು: ಅಂಕಿ ತಪ್ಪಿತು, ಬಾಕಿ ತಪ್ಪಲಿಲ್ಲ



ದೀಪಾವಳಿಯ ಪಾಡ್ಯ ಮುಗಿದು ಹೊಸ ವಹಿಗಳು ಗಾದಿಗೆ ಬಂದಿವೆ. ಈಗ ಅಂಗಡಿಯ ಲೆಕ್ಕವನ್ನೆಲ್ಲ ಮಗ ಕಂಪ್ಯೂಟರಿನಲ್ಲೇ ಇಡುತ್ತಾನೆ. ಆದರೂ ಒಂದು ಕೆಂಪು ವಹಿ ತಂದು, ಕುಂಕುಮ ಹಚ್ಚಿ, ಮೊದಲ ಪುಟದಲ್ಲಿ ಶ್ರೀಕಾರ ಬರೆಯುವ ಪದ್ಧತಿಯನ್ನು ನಾನು ಬಿಟ್ಟಿಲ್ಲ. ಈ ಸಲ ಶ್ರೀಕಾರ ಬರೆದು ಲೇಖಣಿ ಕೆಳಗಿಡುವಷ್ಟರಲ್ಲಿ ಮೊಮ್ಮಗ ಮೊಬೈಲು ಹಿಡಿದು ಬಂದ. "ಅಜ್ಜಾ, ಹಿಮಾಲಯದ ಬರ್ಫೆಲ್ಲಾ 2035ಕ್ಕ ಕರಗಿ ಮುಗೀತದಂತ. ಖರೇ ಏನು?" ಎಂದು ಕೇಳಿದ. ಅವನ ಹಿಂದೆಯೇ ನಮ್ಮ ಬೀಗರೊಬ್ಬರು ಬಂದು ಕುಳಿತರು. ಅವರ ಮೊಬೈಲಿನಲ್ಲಿ ಇನ್ನೊಂದು ಸಂದೇಶವಿತ್ತು. "ಹವಾಮಾನ ಕೆಡುತ್ತದೆ ಎಂಬುದೆಲ್ಲ ಕಟ್ಟುಕಥೆ. ತಪ್ಪು ಬರೆದೆವೆಂದು ವಿಜ್ಞಾನಿಗಳೇ ಒಪ್ಪಿಕೊಂಡಿದ್ದಾರೆ" ಎಂದು ಅದರ ಸಾರಾಂಶ.

ಒಂದು ಸಂದೇಶ ಹೆದರಿಸುತ್ತದೆ, ಇನ್ನೊಂದು ನಿದ್ದೆ ಮಾಡಿಸುತ್ತದೆ. ವಿಚಿತ್ರವೆಂದರೆ ಎರಡೂ ಹುಟ್ಟಿದ್ದು ಒಂದೇ ತಪ್ಪು ಅಂಕಿಯಿಂದ. ಆ ಅಂಕಿಯ ಕಥೆಯನ್ನು ಹುಡುಗನಿಗೆ ಹೇಳಲು ಹೊರಟಾಗ ಮೊದಲು ನನ್ನ ಕೈಯಿಂದಾದ ಒಂದು ತಪ್ಪನ್ನು ಹೇಳಬೇಕಾಯಿತು. ಅದನ್ನೇ ಈ ತಿಂಗಳು ನಿಮ್ಮ ಮುಂದೆಯೂ ಇಡುತ್ತೇನೆ.

1977ರ ಮಾತು. ನಾನು ಮ್ಯಾಟ್ರಿಕ್ ಮುಗಿಸಿ ಜತ್ತದಲ್ಲಿ ನಮ್ಮ ತೀರ್ಥರೂಪರ ಅಡತಿ ಅಂಗಡಿಯಲ್ಲಿ ಕುಳಿತು ಒಂದು ವರ್ಷವಾಗಿತ್ತು. ಕಚ್ಚಾ ವಹಿಯಿಂದ ಖತಾವಣಿಗೆ ಇಳಿಸುವ ಕೆಲಸ ನನ್ನದು. ಹತ್ತಿರದ ಹಳ್ಳಿಯ ಒಬ್ಬ ರೈತರ ಖಾತೆಯಲ್ಲಿ 1,350 ರೂಪಾಯಿ ಎಂದು ಇಳಿಸಬೇಕಾದಲ್ಲಿ 1,530 ಎಂದು ಇಳಿಸಿಬಿಟ್ಟೆ. ಮೂರೂ ಐದೂ ಜಾಗ ಬದಲಿಸಿದ್ದವು, ಅಷ್ಟೇ. ಪಾಡ್ಯಕ್ಕೆ ಬಾಕಿ ಕೇಳಿದಾಗ ಅವರು ಮಡಿಕೆ ಮಡಿಕೆಯಾಗಿದ್ದ ತಮ್ಮ ಚೀಟಿ ತೆಗೆದು ತೋರಿಸಿದರು. ತಪ್ಪು ನಮ್ಮದೇ.

ಅಷ್ಟಕ್ಕೇ ಅವರು ನಿಲ್ಲಲಿಲ್ಲ. "ಒಂದ ಅಂಕಿ ಸುಳ್ಳಂದ ಮ್ಯಾಲ ವಹಿನೇ ಸುಳ್ಳು. ನಾ ಏನೂ ಕೊಡೂದಿಲ್ಲ" ಎಂದು ಎದ್ದು ನಿಂತರು. ಕೂಡಿದ ನಾಲ್ಕು ಜನರೂ ಹೌದೆಂದು ತಲೆಯಾಡಿಸಿದರು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ತೀರ್ಥರೂಪರು ಸಿಟ್ಟಾಗಲಿಲ್ಲ. "ಅಂಕಿ ತಪ್ಪೇತಿ, ತಿದ್ದೂಣು. ಆದರ ಜ್ವಾಳ ನಿಮ್ಮ ಮನಿಗೆ ಹೋಗಿದ್ದು ಸುಳ್ಳಲ್ಲ. ಕೂಡ್ರಿ, ಚೀಟಿಗೆ ಚೀಟಿ ತಾಳೆ ನೋಡೂಣು" ಎಂದರು. ಎರಡು ದಿನ ಕೂತು ನೋಡಿದೆವು. ನಮ್ಮ ವಹಿಯಲ್ಲಿ 4,260 ಇದ್ದ ಬಾಕಿ 4,080 ಆಯಿತು. ತಪ್ಪಿದ್ದು 180 ರೂಪಾಯಿ, ಉಳಿದದ್ದು ನಿಜವಾದ ಸಾಲ. ನಾನು ತಪ್ಪು ಅಂಕಿಯ ಮೇಲೆ ಮಸಿ ಬಳಿಯಲು ಹೋದಾಗ ತೀರ್ಥರೂಪರು ಕೈ ಹಿಡಿದರು. ಒಂದೇ ಗೆರೆ ಎಳೆಯಬೇಕು, ಹಳೆಯ ಅಂಕಿ ಕಾಣುತ್ತಿರಬೇಕು, ಮೇಲೆ ಸರಿಯಾದದ್ದನ್ನು ಬರೆದು ರುಜು ಹಾಕಬೇಕು ಎಂದು ಕಲಿಸಿದರು. ಆಮೇಲೆ ಎಲ್ಲ ಖಾತೆಗಳನ್ನೂ ಮತ್ತೊಮ್ಮೆ ತಾಳೆ ನೋಡಿಸಿದರು. ಇನ್ನೊಂದು ತಪ್ಪು ಸಿಕ್ಕಿತು. ಅದರಲ್ಲಿ ನಾವು ಒಬ್ಬರಿಗೆ ಕಡಿಮೆ ಹಚ್ಚಿದ್ದೆವು.

ಈಗ ಹಿಮಾಲಯಕ್ಕೆ ಬರೋಣ.

ಹವಾಮಾನದ ಬಗ್ಗೆ ಸರ್ಕಾರಗಳಿಗೆ ತಿಳಿಸಿಹೇಳಲು 1988ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಒಂದು ಸಮಿತಿ ಹುಟ್ಟಿತು. ಅದನ್ನು ಐಪಿಸಿಸಿ ಎನ್ನುತ್ತಾರೆ. ಅದು ಸ್ವತಃ ಸಂಶೋಧನೆ ಮಾಡುವುದಿಲ್ಲ. ಜಗತ್ತಿನ ವಿಜ್ಞಾನಿಗಳು ಪ್ರಕಟಿಸಿದ್ದನ್ನು ಓದಿ, ತೂಗಿ, ಕೆಲವು ವರ್ಷಗಳಿಗೊಮ್ಮೆ ಒಂದು ದೊಡ್ಡ ವರದಿ ಬರೆಯುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಸಾವಿರಾರು ಕೀರ್ದಿಗಳಿಂದ ತಯಾರಾದ ಒಂದು ಖತಾವಣಿ. 2007ರಲ್ಲಿ ಅದರ ನಾಲ್ಕನೆಯ ವರದಿ ಬಂತು. ಅದೇ ವರ್ಷ ಶಾಂತಿಯ ನೊಬೆಲ್ ಪ್ರಶಸ್ತಿಯಲ್ಲಿ ಈ ಸಮಿತಿಗೂ ಪಾಲು ಸಿಕ್ಕಿತು. ಆಗ ಅದರ ಅಧ್ಯಕ್ಷರಾಗಿದ್ದವರು ನಮ್ಮ ದೇಶದವರೇ ಆದ ಆರ್.ಕೆ. ಪಚೌರಿ.

ಆ ವರದಿಯ ಎರಡನೆಯ ಭಾಗದಲ್ಲಿ, ಏಷ್ಯಾ ಖಂಡದ ಅಧ್ಯಾಯದಲ್ಲಿ ಒಂದು ವಾಕ್ಯ ನುಸುಳಿತ್ತು. ಈಗಿನ ವೇಗ ಮುಂದುವರಿದರೆ ಹಿಮಾಲಯದ ಹಿಮನದಿಗಳು 2035ರೊಳಗೆ ಇಲ್ಲವಾಗುವ ಸಂಭವ ಬಹಳ ಹೆಚ್ಚು ಎಂಬುದು ಅದರ ಅರ್ಥ. ಎಲ್ಲಿಂದ ಬಂತು ಈ ಅಂಕಿ? ಪರಿಸರ ಸಂಸ್ಥೆಯೊಂದರ 2005ರ ವರದಿಯಿಂದ. ಅವರಿಗೆ ಎಲ್ಲಿಂದ? 1999ರ ಒಂದು ವಿಜ್ಞಾನ ಪತ್ರಿಕೆಯ ಸುದ್ದಿಯಿಂದ. ಆ ಸುದ್ದಿಯಾದರೂ ಸಂಶೋಧನೆಯ ಲೇಖನವಲ್ಲ, ಒಂದು ಮಾತುಕತೆಯ ಮೇಲೆ ಬರೆದದ್ದು. ಹುಡುಕುತ್ತ ಹೋದ ವಿದ್ವಾಂಸರು ಇನ್ನೂ ಒಂದು ಕಾಗದ ತೋರಿಸಿದರು. ರಷ್ಯಾದ ಹಿಮತಜ್ಞ ಕೋಟ್ಲ್ಯಾಕೋವ್ ಅವರು 1996ರಲ್ಲಿ ಬರೆದದ್ದು. ಧ್ರುವಪ್ರದೇಶಗಳನ್ನು ಬಿಟ್ಟು ಉಳಿದ ಇಡೀ ಜಗತ್ತಿನ ಹಿಮನದಿಗಳ ವಿಸ್ತಾರ 5 ಲಕ್ಷ ಚದರ ಕಿಲೋಮೀಟರಿನಿಂದ 1 ಲಕ್ಷಕ್ಕೆ ಇಳಿಯಬಹುದು ಎಂದು ಅದರಲ್ಲಿತ್ತು. ಯಾವಾಗ? 2350ರ ಹೊತ್ತಿಗೆ.

2350 ಎಲ್ಲಿ, 2035 ಎಲ್ಲಿ! ನನ್ನ 1,350ಕ್ಕೂ 1,530ಕ್ಕೂ ಇದ್ದ ನಂಟೇ ಇವಕ್ಕೂ ಕಾಣುತ್ತದೆ.

ಒಳ್ಳೆಯ ಮುನೀಮ ಇದ್ದಿದ್ದರೆ ಈ ತಪ್ಪು ಆ ಪುಟದಲ್ಲೇ ಸಿಗುತ್ತಿತ್ತು. ಏಕೆಂದರೆ ಅದೇ ಪ್ರಕರಣದಲ್ಲಿ ಹಿಮಾಲಯದ ಹಿಮನದಿಗಳ ವಿಸ್ತಾರ 30 ಲಕ್ಷ ಹೆಕ್ಟೇರ್ ಎಂದೂ ಬರೆದಿತ್ತು. ಅಂದರೆ 30 ಸಾವಿರ ಚದರ ಕಿಲೋಮೀಟರು. ಕೆಲವೇ ಸಾಲುಗಳ ಅಂತರದಲ್ಲಿ 5 ಲಕ್ಷ ಚದರ ಕಿಲೋಮೀಟರು 1 ಲಕ್ಷಕ್ಕೆ ಇಳಿಯುತ್ತದೆಂದೂ ಇತ್ತು. ಕೊಠಾರದಲ್ಲಿ 30 ಚೀಲ ಇಟ್ಟುಕೊಂಡವನು 500 ಚೀಲ 100ಕ್ಕೆ ಇಳಿಯಿತು ಎಂದರೆ ಯಾರು ಒಪ್ಪುತ್ತಾರೆ? ಕರಡನ್ನು ಓದಿದವರಲ್ಲಿ ಒಬ್ಬಿಬ್ಬರು ಪ್ರಶ್ನೆಯನ್ನೂ ಎತ್ತಿದ್ದರು. ಅದಕ್ಕೆ ಸರಿಯಾದ ಉತ್ತರ ಕೊಡದೆ ವರದಿ ಅಚ್ಚಿಗೆ ಹೋಯಿತು.

ತಪ್ಪನ್ನು ದೊಡ್ಡದಾಗಿ ಎತ್ತಿ ಹಿಡಿದದ್ದು ನಮ್ಮ ಭಾರತ ಸರ್ಕಾರವೇ. 2009ರ ನವೆಂಬರಿನಲ್ಲಿ ಅಂದಿನ ಪರಿಸರ ಸಚಿವ ಜೈರಾಮ್ ರಮೇಶ್ ಅವರು ಒಂದು ಚರ್ಚಾಪತ್ರವನ್ನು ಹೊರತಂದರು. ಬರೆದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ನಿವೃತ್ತ ಹಿರಿಯ ಅಧಿಕಾರಿ ವಿ.ಕೆ. ರೈನಾ. ಹಿಮನದಿಗಳು ಅಸಾಧಾರಣವಾಗಿ ಓಡುತ್ತಿಲ್ಲ, ಅವು ಹಿಂದೆ ಸರಿಯುವುದಕ್ಕೂ ಹವಾಮಾನ ಬದಲಾವಣೆಗೂ ನಂಟು ಹಚ್ಚಲು ಸಾಕಷ್ಟು ಆಧಾರವಿಲ್ಲ ಎಂದು ಅವರ ವಾದ. ಪಚೌರಿಯವರು ಅದನ್ನು ಮಾಟಮಂತ್ರದ ವಿಜ್ಞಾನವೆಂದು ಹೀಗಳೆದರು. ಆದರೆ ಎರಡೇ ತಿಂಗಳಲ್ಲಿ, 2010ರ ಜನವರಿ 20ರಂದು, ಆ ವಾಕ್ಯಕ್ಕೆ ಸರಿಯಾದ ಆಧಾರವಿರಲಿಲ್ಲ, ನಮ್ಮದೇ ನಿಯಮಗಳನ್ನು ಅಲ್ಲಿ ಪಾಲಿಸಿರಲಿಲ್ಲ ಎಂದು ಐಪಿಸಿಸಿಯೇ ಬರೆದು ಒಪ್ಪಿಕೊಂಡಿತು.

ಆ ದಿನಗಳಲ್ಲಿ ಪತ್ರಿಕೆ ಓದಿ ನಾನು ಏನು ಮಾಡಿದೆ ಗೊತ್ತೇ? ಅಂಗಡಿಯಲ್ಲಿ ಕುಳಿತ ಗಿರಾಕಿಗಳ ಮುಂದೆ ಪತ್ರಿಕೆಯನ್ನು ಕುಟ್ಟಿ, "ನೋಡ್ರಿ, ಒಂದ ಅಂಕಿ ಸುಳ್ಳಂದ ಮ್ಯಾಲ ಇವರ ವಹಿನೇ ಸುಳ್ಳು" ಎಂದು ನಕ್ಕೆ. ಅದಾದ ಮೇಲೆ ಹತ್ತು ವರ್ಷ ಯಾರು ಈ ಮಾತು ತೆಗೆದರೂ ಇದೇ ಉತ್ತರ. ಒಣದ್ರಾಕ್ಷಿಯ ಶೀತಲಗೃಹದ ಮಾಡಿಗೆ ಸೌರಫಲಕ ಹಾಕಿಸೋಣವೆಂದು ಮಗ ಲೆಕ್ಕ ಹಾಕಿಕೊಂಡು ಬಂದಾಗಲೂ ಆ ಲೆಕ್ಕವನ್ನು ಓದದೆ ಇದೇ ಮಾತು ಹೇಳಿ ಕಳಿಸಿದೆ. 1977ರಲ್ಲಿ ನಮ್ಮ ಅಂಗಡಿಯಲ್ಲಿ ಎದ್ದು ನಿಂತ ಆ ರೈತರ ಮಾತನ್ನೇ ನಾನು ಆಡುತ್ತಿದ್ದೇನೆಂದು ಒಮ್ಮೆಯೂ ಹೊಳೆಯಲಿಲ್ಲ. ಅವರಿಗಾದರೂ ಬಡತನದ ಕಾರಣವಿತ್ತು. 1972ರ ಬರದ ಹೊಡೆತದಿಂದ ಅವರ ಮನೆ ಇನ್ನೂ ಎದ್ದಿರಲಿಲ್ಲ. ನನಗೆ ಯಾವ ಕಾರಣವಿತ್ತು? ವಹಿ ಸುಳ್ಳಾದರೆ ಕೊಡುವುದು ತಪ್ಪುತ್ತದೆ ಎಂಬ ಒಳಗಿನ ಆಸೆ, ಅಷ್ಟೇ.

ಚೀಟಿಗೆ ಚೀಟಿ ತಾಳೆ ನೋಡಬೇಕಿತ್ತು. ನಾನು ನೋಡಲಿಲ್ಲ, ನೋಡಿದವರು ನೋಡಿದರು. ಅವರಿಗೆ ಸಿಕ್ಕದ್ದೇನು ಎಂಬುದನ್ನು ಈಗ ಹೇಳುತ್ತೇನೆ.

ಮೊದಲನೆಯದು, ಆ 2035 ಎಂಬುದು ವರದಿಯ ಒಳಪುಟದಲ್ಲಿತ್ತೇ ಹೊರತು ಸರ್ಕಾರಗಳಿಗಾಗಿ ಬರೆದ ಸಾರಾಂಶದಲ್ಲಿ ಇರಲಿಲ್ಲ. ಎರಡನೆಯದು, ಉಳಿದ ಪುಟಗಳನ್ನೂ ಬೇರೆಯವರು ಜಾಲಾಡಿದರು. ನೆದರ್ಲೆಂಡ್ಸ್ ದೇಶದ ಶೇಕಡಾ 55 ಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ ಎಂದು ಅದೇ ವರದಿಯಲ್ಲಿತ್ತು. ನಿಜವಾಗಿ ಕೆಳಗಿರುವುದು ಶೇಕಡಾ 26, ಇನ್ನು ಶೇಕಡಾ 29 ಪ್ರವಾಹಕ್ಕೆ ಸಿಗುವ ಭೂಮಿ. ಎರಡನ್ನೂ ಕೂಡಿಸಿ ಒಂದೇ ಖಾತೆಗೆ ಬರೆದಿದ್ದರು. ಆ ದೇಶದ ಸರ್ಕಾರಿ ಸಂಸ್ಥೆಯೇ 2010ರಲ್ಲಿ ಪ್ರಾದೇಶಿಕ ಅಧ್ಯಾಯಗಳನ್ನು ಪರಿಶೀಲಿಸಿ, ತಪ್ಪುಗಳಿವೆ, ಆದರೆ ಮುಖ್ಯ ತೀರ್ಮಾನಗಳನ್ನು ಉರುಳಿಸುವಂಥವು ಯಾವೂ ಇಲ್ಲ ಎಂದು ಹೇಳಿತು. ಹಲವು ದೇಶಗಳ ವಿಜ್ಞಾನ ಅಕಾಡೆಮಿಗಳ ಮಂಡಳಿಯೊಂದು ಸಮಿತಿಯ ಕಾರ್ಯಪದ್ಧತಿಯನ್ನೇ ತಪಾಸಣೆ ಮಾಡಿ, ಅದೇ ವರ್ಷದ ಆಗಸ್ಟಿನಲ್ಲಿ ಸುಧಾರಣೆಗಳನ್ನು ಸೂಚಿಸಿತು. ಹಳೆಯ ಅಂಕಿಗೆ ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ರುಜು ಹಾಕಿದ ಹಾಗಾಯಿತು.

ಮೂರನೆಯದೇ ಮುಖ್ಯ. ಬಾಕಿ ಎಷ್ಟು? 2019ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಒಂದು ಅಧ್ಯಯನ ಪ್ರಕಟಿಸಿದರು. 1970ರ ದಶಕದಲ್ಲಿ ಅಮೆರಿಕದ ಬೇಹುಗಾರಿಕೆ ಉಪಗ್ರಹಗಳು ತೆಗೆದ ಚಿತ್ರಗಳನ್ನು ಈಗಿನ ಚಿತ್ರಗಳೊಂದಿಗೆ ಹೋಲಿಸಿ, ಹಿಮಾಲಯದ ಉದ್ದಕ್ಕೂ 2,000 ಕಿಲೋಮೀಟರಿನಲ್ಲಿ 650 ಹಿಮನದಿಗಳನ್ನು ಅಳೆದರು. 1975ರಿಂದ 2000ದವರೆಗೆ ವರ್ಷಕ್ಕೆ ಸರಾಸರಿ ಸುಮಾರು 22 ಸೆಂಟಿಮೀಟರ್ ದಪ್ಪ ಇಳಿಯುತ್ತಿದ್ದರೆ, 2000ದಿಂದ 2016ರವರೆಗೆ ಸುಮಾರು 43 ಸೆಂಟಿಮೀಟರ್. ಸವಕಳಿ ಇಮ್ಮಡಿಯಾಗಿತ್ತು. ಅದೇ ವರ್ಷ ಕಠ್ಮಂಡುವಿನಲ್ಲಿರುವ ಪರ್ವತ ಅಭಿವೃದ್ಧಿಯ ಅಂತರರಾಷ್ಟ್ರೀಯ ಕೇಂದ್ರವು ಹಿಂದೂಕುಶ ಹಿಮಾಲಯದ ವರದಿ ಕೊಟ್ಟಿತು. ಜಗತ್ತಿನ ತಾಪದ ಏರಿಕೆಯನ್ನು ಒಂದೂವರೆ ಡಿಗ್ರಿಗೆ ನಿಲ್ಲಿಸಿದರೂ ಈ ಶತಮಾನದ ಕೊನೆಗೆ ಮೂರರಲ್ಲಿ ಒಂದು ಪಾಲು ಹಿಮ ಹೋಗುತ್ತದೆ, ಹೊಗೆ ಹೀಗೆಯೇ ಮುಂದುವರಿದರೆ ಮೂರರಲ್ಲಿ ಎರಡು ಪಾಲು ಎಂದು ಅದರ ಲೆಕ್ಕ.

ಆದ್ದರಿಂದ ಮೊಮ್ಮಗನಿಗೆ ನಾನು ಹೇಳಿದ ಉತ್ತರ ಇದು. 2035ಕ್ಕೆ ಮುಗಿಯುತ್ತದೆ ಎಂಬುದು ತಪ್ಪು. ಏನೂ ಆಗುವುದಿಲ್ಲ ಎಂಬುದು ಅದಕ್ಕಿಂತ ದೊಡ್ಡ ತಪ್ಪು. ರೈನಾ ಅವರ ಪತ್ರ ದಿನಾಂಕದ ವಿಷಯದಲ್ಲಿ ಗೆದ್ದಿತು, ಆದರೆ ನಂಟಿಲ್ಲ ಎಂಬ ಮಾತು ಮುಂದೆ ಬಂದ ಅಳತೆಗಳ ಮುಂದೆ ನಿಲ್ಲಲಿಲ್ಲ. ಎರಡೂ ಕಡೆಯವರ ಚೀಟಿಗಳನ್ನು ತೆರೆದು ನೋಡಿದ್ದರಿಂದಲೇ ಇದು ತಿಳಿಯಿತು.

ಹಾಗಾದರೆ ಸರ್ಕಾರ ಏನು ಮಾಡಿತು? ಆಗ ಒಂದು ಒಳ್ಳೆಯ ಕೆಲಸವೂ ಆಯಿತು. ಹೊರಗಿನವರ ವಹಿಯನ್ನೇ ನಂಬಿ ಕೂಡುವ ಬದಲು ನಮ್ಮದೇ ಕೀರ್ದಿ ಇಡೋಣವೆಂದು 2009ರಲ್ಲಿ ದೇಶದ ಸಂಶೋಧನಾ ಸಂಸ್ಥೆಗಳ ಒಂದು ಜಾಲ ಕಟ್ಟಿದರು. ಹಿಮಾಲಯ, ಪಶ್ಚಿಮ ಘಟ್ಟ, ಕರಾವಳಿ, ಈಶಾನ್ಯ ಈ ನಾಲ್ಕು ಪ್ರದೇಶಗಳ ಬಗ್ಗೆ 2010ರ ನವೆಂಬರಿನಲ್ಲಿ ಅದರ ವರದಿ ಬಂತು. ಅದಕ್ಕೂ ಮೊದಲೇ, 2008ರ ಜೂನ್ 30ರಂದು, ಎಂಟು ಕಾರ್ಯಯೋಜನೆಗಳ ರಾಷ್ಟ್ರೀಯ ಹವಾಮಾನ ಕ್ರಿಯಾಯೋಜನೆ ಪ್ರಕಟವಾಗಿತ್ತು. ಅವುಗಳಲ್ಲಿ ಒಂದು ಹಿಮಾಲಯದ್ದು, ಇನ್ನೊಂದು ಸೌರವಿದ್ಯುತ್ತಿನದು. ಸೌರ ಯೋಜನೆ 2010ರ ಜನವರಿಯಲ್ಲಿ, ಅಂದರೆ ಆ ತಪ್ಪು ಬಯಲಾದ ತಿಂಗಳಲ್ಲೇ, ಶುರುವಾಯಿತು. 2022ಕ್ಕೆ 20,000 ಮೆಗಾವಾಟ್ ಎಂದು ಗುರಿಯಿಟ್ಟದ್ದು 2015ರಲ್ಲಿ ಒಂದು ಲಕ್ಷಕ್ಕೇರಿತು. ಒಂದು ಲಕ್ಷ ಮೆಗಾವಾಟಿನ ಗಡಿಯನ್ನು ದೇಶ 2025ರ ಜನವರಿಯಲ್ಲಿ ದಾಟಿತು. ಹೇಳಿದ ವಾಯಿದೆ ತಪ್ಪಿತು, ಆದರೆ ಸರಕು ಬಂತು. 2035 ಎಂಬ ಅಂಕಿ ಬಿದ್ದುಹೋಯಿತೆಂದು ಆ ಯೋಜನೆಯನ್ನು ಯಾರೂ ಕೈಬಿಡಲಿಲ್ಲ. ಏಕೆಂದರೆ ಅದು ನಿಂತಿದ್ದು ಆ ಒಂದು ಅಂಕಿಯ ಮೇಲಲ್ಲ. ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ 1958ರಿಂದ ಗಾಳಿಯ ಕೀರ್ದಿ ಬರೆಯುತ್ತಿದ್ದಾರೆ. ಅಂದು ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 315 ಭಾಗ ಇದ್ದ ಇಂಗಾಲದ ಡೈಆಕ್ಸೈಡ್ 2024ರಲ್ಲಿ 420 ದಾಟಿತ್ತು. ಇದು ಯಾರದೋ ಮಾತುಕತೆಯಿಂದ ನಕಲು ಮಾಡಿದ ಅಂಕಿಯಲ್ಲ, ಅಳತೆ.

ಇನ್ನು ಕೆಟ್ಟ ಕೆಲಸ. ಅದನ್ನು ಹೇಳಲು ಮನಸ್ಸಿಗೆ ನೋವಾಗುತ್ತದೆ. ವಹಿಯಲ್ಲಿ ತಪ್ಪು ಬರೆಯುವುದು ಒಂದು ದೋಷ. ಸರಿಯಾಗಿ ಬರೆದದ್ದನ್ನು ತೆರೆದು ಓದದಿರುವುದು ಅದಕ್ಕಿಂತ ದೊಡ್ಡ ದೋಷ.

ಸಿಕ್ಕಿಂನ ಉತ್ತರದಲ್ಲಿ, 5,200 ಮೀಟರ್ ಎತ್ತರದಲ್ಲಿ, ದಕ್ಷಿಣ ಲ್ಹೊನಾಕ್ ಎಂಬ ಸರೋವರವಿದೆ. ಹಿಮನದಿ ಕರಗಿ ಹಿಂದೆ ಸರಿದಂತೆಲ್ಲ ಅದರ ಮುಂದೆ ಬೆಳೆದ ನೀರು ಅದು. ತಡೆದು ನಿಲ್ಲಿಸಿದ್ದು ಕಲ್ಲುಮಣ್ಣಿನ ಸಡಿಲ ಒಡ್ಡು. ಹೈದರಾಬಾದಿನಲ್ಲಿರುವ ನಮ್ಮ ದೂರಸಂವೇದಿ ಕೇಂದ್ರದ ವಿಜ್ಞಾನಿಗಳು 2013ರಲ್ಲೇ ಬರೆದಿದ್ದರು. ಸರೋವರ ಸುಮಾರು 98 ಹೆಕ್ಟೇರಿಗೆ ಬೆಳೆದಿದೆ, ಅದು ಒಡೆಯುವ ಸಂಭವ ಶೇಕಡಾ 42, ಇದು ಹೆಚ್ಚಿನ ಅಪಾಯ ಎಂದು. 2016ರಲ್ಲಿ ಪೈಪು ಹಾಕಿ ಒಂದಿಷ್ಟು ನೀರನ್ನು ಹೊರತೆಗೆಯುವ ಪ್ರಯತ್ನವೂ ನಡೆಯಿತು. ಇತ್ತ ಅದೇ ನೀರಿನ ದಾರಿಯಲ್ಲಿ, ಕೆಳಗೆ ಚುಂಗ್‌ಥಾಂಗ್ ಎಂಬಲ್ಲಿ, ತೀಸ್ತಾ ನದಿಗೆ 60 ಮೀಟರ್ ಎತ್ತರದ ಅಣೆಕಟ್ಟು ಎದ್ದಿತು. 1,200 ಮೆಗಾವಾಟಿನ ಆ ಜಲವಿದ್ಯುತ್ ಯೋಜನೆ 2017ರಲ್ಲಿ ಚಾಲೂ ಆಯಿತು.

2023ರ ಅಕ್ಟೋಬರ್ 3ರ ರಾತ್ರಿ ಪಕ್ಕದ ಇಳಿಜಾರು ಕುಸಿದು ಸರೋವರಕ್ಕೆ ಬಿದ್ದಿತು. ಆಗ ಅದು 167 ಹೆಕ್ಟೇರಿಗೆ ಬೆಳೆದಿತ್ತು. ನೀರು ಒಡ್ಡು ಒಡೆದು ಹೊರಟಿತು. ಮಧ್ಯರಾತ್ರಿ ದಾಟಿದ ಮೇಲೆ ಚುಂಗ್‌ಥಾಂಗ್ ಮುಟ್ಟಿತು, ಕೆಲವೇ ನಿಮಿಷಗಳಲ್ಲಿ ಅಣೆಕಟ್ಟು ಕೊಚ್ಚಿಹೋಯಿತು. ಸತ್ತವರು, ಕಾಣೆಯಾದವರು ಸೇರಿ ನೂರಕ್ಕೂ ಮೇಲೆ. ಸರೋವರದ ದಂಡೆಯಲ್ಲಿ ಎಚ್ಚರಿಕೆ ಕೊಡುವ ಯಂತ್ರಗಳನ್ನು ಹೂಡುವ ಕೆಲಸ ಆಗಷ್ಟೇ ಶುರುವಾಗಿತ್ತು, ಮುಗಿದಿರಲಿಲ್ಲ. ಸರೋವರದ ಚೀಟಿ ಒಂದು ಕಚೇರಿಯಲ್ಲಿತ್ತು, ಅಣೆಕಟ್ಟಿನ ಚೀಟಿ ಇನ್ನೊಂದು ಕಚೇರಿಯಲ್ಲಿ. ಎರಡನ್ನೂ ಒಂದೇ ಗಾದಿಯ ಮೇಲಿಟ್ಟು ತಾಳೆ ನೋಡುವ ಮುನೀಮ ಇರಲಿಲ್ಲ.

ಇಂಥದ್ದು ಮೊದಲ ಸಲವೂ ಅಲ್ಲ. 2013ರ ಕೇದಾರನಾಥ ದುರಂತದ ನಂತರ ಸುಪ್ರೀಂ ಕೋರ್ಟಿನ ಆದೇಶದಂತೆ ರವಿ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿ ನೇಮಕವಾಯಿತು. ಪರಿಶೀಲನೆಗೆ ಕೊಟ್ಟ 24 ಜಲವಿದ್ಯುತ್ ಯೋಜನೆಗಳಲ್ಲಿ 23ರಿಂದ ಸರಿಪಡಿಸಲಾಗದ ಹಾನಿಯಾಗುತ್ತದೆ ಎಂದು 2014ರಲ್ಲಿ ಅದು ಹೇಳಿತು. ಡೆಹ್ರಾಡೂನಿನ ವಾಡಿಯಾ ಸಂಸ್ಥೆಯಲ್ಲಿ 2009ರಲ್ಲಿ ತೆರೆದಿದ್ದ ಹಿಮನದಿ ಅಧ್ಯಯನ ಕೇಂದ್ರವನ್ನು 2020ರಲ್ಲಿ ನಿಲ್ಲಿಸಿದರು. ಮರುವರ್ಷವೇ, 2021ರ ಫೆಬ್ರವರಿ 7ರಂದು, ಚಮೋಲಿಯಲ್ಲಿ ಬಂಡೆಯೂ ಹಿಮವೂ ಕುಸಿದು ಋಷಿಗಂಗಾ ಮತ್ತು ತಪೋವನ ವಿದ್ಯುತ್ ಯೋಜನೆಗಳು ನಾಶವಾದವು. ಇನ್ನೂರಕ್ಕೂ ಹೆಚ್ಚು ಜನ ಹೋದರು. ಅವರಲ್ಲಿ ಬಹಳಷ್ಟು ಮಂದಿ ಯೋಜನೆಗಳಲ್ಲಿ ದುಡಿಯುತ್ತಿದ್ದ ಕೂಲಿಕಾರರು. ಆ ಕೇಂದ್ರ ಇದ್ದಿದ್ದರೆ ಬೆಟ್ಟ ಕುಸಿಯುತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಸರಕು ಹೆಚ್ಚಾಗುತ್ತಿರುವ ಹಂಗಾಮಿನಲ್ಲಿ ತಕ್ಕಡಿಯನ್ನು ಯಾರಾದರೂ ಮಾರುತ್ತಾರೆಯೇ?

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ವಿಜ್ಞಾನಿಗಳು ಹೇಳಿದ್ದೇ ಸರ್ಕಾರದ ಆಜ್ಞೆಯಾಗಬೇಕು ಎಂಬುದು ನನ್ನ ಅಭಿಪ್ರಾಯವಲ್ಲ. ತಕ್ಕಡಿ ತೂಕ ಹೇಳುತ್ತದೆ, ದರ ಹೇಳುವುದಿಲ್ಲ. ಎಷ್ಟು ಹೊಗೆಗೆ ಎಷ್ಟು ತಾಪ ಏರುತ್ತದೆ, ಯಾವ ಸರೋವರ ಎಷ್ಟು ಬೆಳೆದಿದೆ, ಇದು ತೂಕ. ಇದನ್ನು ವಿಜ್ಞಾನಿಯೇ ಹೇಳಬೇಕು. ಕಲ್ಲಿದ್ದಲನ್ನು ಎಷ್ಟು ವರ್ಷದಲ್ಲಿ ಇಳಿಸಬೇಕು, ಗಣಿಯ ಕೂಲಿಯವನ ಮನೆ ಹೇಗೆ ನಡೆಯಬೇಕು, ಬಡವರ ಮನೆಯ ದೀಪದ ಬಿಲ್ಲು ಎಷ್ಟಿರಬೇಕು, ಇದು ದರ. ಇದನ್ನು ನಾವು ಆರಿಸಿದ ಸರ್ಕಾರವೇ ತೀರ್ಮಾನಿಸಬೇಕು. ನಮ್ಮ ವಿದ್ಯುತ್ತಿನಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಮೂರು ಪಾಲು ಕಲ್ಲಿದ್ದಲಿನಿಂದಲೇ ಬರುತ್ತಿದೆ. ಅದನ್ನು ನಾಳೆ ಬೆಳಿಗ್ಗೆಯೇ ನಿಲ್ಲಿಸಿ ಎಂದರೆ ನಮ್ಮ ಅಂಗಡಿಗಳೂ, ಆಸ್ಪತ್ರೆಗಳೂ, ಶೀತಲಗೃಹಗಳೂ ನಿಲ್ಲುತ್ತವೆ. ಸರ್ಕಾರ ಬೇಕಾದರೆ ಎದೆಮುಟ್ಟಿ ಹೇಳಲಿ: "ತೂಕ ಇಷ್ಟಿದೆ ಎಂದು ಗೊತ್ತು, ಆದರೂ ಈ ಕಾರಣಕ್ಕೆ ಇಂಥ ದರಕ್ಕೆ ಒಪ್ಪಿದ್ದೇವೆ." ಅದು ಪ್ರಾಮಾಣಿಕ ವ್ಯಾಪಾರ. ದರಕ್ಕೆ ತಕ್ಕಂತೆ ತಕ್ಕಡಿಯ ಮೇಲೆ ಬೆರಳಿಡುವುದು ಮಾತ್ರ ಕಳ್ಳತನ. ಆ ಬೆರಳು ಸರ್ಕಾರದ್ದಾಗಲಿ, ಕಂಪನಿಯದ್ದಾಗಲಿ, ಹೆದರಿಸಿ ಜನರನ್ನು ಎಚ್ಚರಿಸಬೇಕೆಂಬ ಒಳ್ಳೆಯ ಮನಸ್ಸಿನವರದ್ದಾಗಲಿ, ಕಳ್ಳತನ ಕಳ್ಳತನವೇ. 2035ರ ಅಂಕಿ ಅಷ್ಟು ವರ್ಷ ಬದುಕಿದ್ದಕ್ಕೆ ಅದು ಕೆಲವರಿಗೆ ಅನುಕೂಲವಾಗಿತ್ತು ಎಂಬುದೂ ಒಂದು ಕಾರಣವಿರಬಹುದು. ಬಿದ್ದ ಮೇಲೆ ಅದು ನನ್ನಂಥವರಿಗೆ ಅನುಕೂಲವಾಯಿತು.

ಮನೆಮನೆಯಲ್ಲೂ ಮೊಬೈಲಿಗೆ ದಿನಕ್ಕೆ ಹತ್ತು ಅಂಕಿಗಳು ಬರುತ್ತವೆ. ನಮ್ಮ ಮಕ್ಕಳಿಗೆ, ಸೊಸೆಯಂದಿರಿಗೆ, ಮೊಮ್ಮಕ್ಕಳಿಗೆ ನಾವು ವ್ಯಾಪಾರಸ್ಥರು ಕಲಿಸಬಹುದಾದ ನಾಲ್ಕು ಪ್ರಶ್ನೆಗಳಿವೆ. ಈ ಅಂಕಿಯನ್ನು ಅಳೆದವರು ಯಾರು, ಅಥವಾ ಎಲ್ಲಿಂದ ನಕಲು ಮಾಡಿದ್ದು? ಪಕ್ಕದ ಸಾಲಿನ ಅಂಕಿಯೊಂದಿಗೆ ತಾಳೆಯಾಗುತ್ತದೆಯೇ? ತಪ್ಪು ಎಂದು ತೋರಿಸಿದರೆ ಹೇಳಿದವರು ತಿದ್ದುತ್ತಾರೆಯೇ, ಅಥವಾ ಮಸಿ ಬಳಿಯುತ್ತಾರೆಯೇ? ಕೊನೆಯದು ನಮಗೆ ನಾವೇ ಕೇಳಿಕೊಳ್ಳಬೇಕಾದದ್ದು: ಇದು ನಿಜವಾಗಿರಲಿ ಎಂದಾಗಲಿ, ಸುಳ್ಳಾಗಿರಲಿ ಎಂದಾಗಲಿ ನನ್ನ ಮನಸ್ಸು ಮೊದಲೇ ಆಸೆಪಟ್ಟಿದೆಯೇ? ನಾನು ಹತ್ತು ವರ್ಷ ಈ ನಾಲ್ಕನೆಯ ಪ್ರಶ್ನೆ ಕೇಳಿಕೊಳ್ಳಲಿಲ್ಲ.

ಹಿಮಾಲಯ ನಮ್ಮ ಜತ್ತಕ್ಕೆ ದೂರ, ನಿಜ. ನಮ್ಮ ಹಳ್ಳಗಳಿಗೆ ಬರ್ಫಿನ ನೀರು ಬರುವುದಿಲ್ಲ, ಮಳೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಆದರೆ ತೀಸ್ತಾ ನದಿಯ ದಂಡೆಯವರಿಗೆ ಆದ ಹಾಗೆ ನಮಗೂ ನಮ್ಮ ಬಗ್ಗೆ ಬರೆದ ಚೀಟಿ ಯಾವುದೋ ಕಚೇರಿಯಲ್ಲಿ ಇರುತ್ತದೆ. ಮಳೆಯ ಲೆಕ್ಕ, ಕೊಳವೆಬಾವಿಯ ಆಳದ ಲೆಕ್ಕ, ಕೆರೆಯ ಒಡ್ಡಿನ ಲೆಕ್ಕ. ಆ ಚೀಟಿಯನ್ನು ತೋರಿಸಿರಿ ಎಂದು ಕೇಳುವ ಹಕ್ಕು ನಮ್ಮದು. ತೆರಿಗೆ ಕೊಡುವವರು ನಾವೇ ಅಲ್ಲವೇ?

ನಮ್ಮ ಆ ರೈತರ ಕಥೆ ಮುಗಿಸಿಬಿಡುತ್ತೇನೆ. ತಾಳೆ ಮುಗಿದ ಮೇಲೆ ಅವರು ಬಹಳ ಹೊತ್ತು ಸುಮ್ಮನೆ ಕೂತಿದ್ದರು. ತೀರ್ಥರೂಪರು ಚಹಾ ತರಿಸಿದರು. "ಒಮ್ಮೆಲೆ ಆಗೂದಿಲ್ಲ" ಎಂದರು ಅವರು. "ಒಮ್ಮೆಲೆ ಯಾರು ಕೇಳ್ಯಾರ?" ಎಂದರು ತೀರ್ಥರೂಪರು. ಮೂರು ಪಾಡ್ಯಗಳಲ್ಲಿ 4,080 ರೂಪಾಯಿ ಚುಕ್ತಾ ಆಯಿತು. ನನ್ನ ತಪ್ಪಿಗೆ ಎಳೆದ ಆ ಒಂದು ಗೆರೆ ಹಳೆಯ ಖತಾವಣಿಯಲ್ಲಿ ಇಂದಿಗೂ ಇದೆ. ಈ ಸಲ ಅದನ್ನು ತೆಗೆದು ಮೊಮ್ಮಗನಿಗೂ ಬೀಗರಿಗೂ ತೋರಿಸಿದೆ. ಬೀಗರು ನಕ್ಕರು, ಆದರೆ ಆ ಸಂದೇಶವನ್ನು ಮುಂದಕ್ಕೆ ಕಳಿಸಲಿಲ್ಲ.

ಮಗನನ್ನು ಕರೆದು ಶೀತಲಗೃಹದ ಮಾಡಿನ ಲೆಕ್ಕವನ್ನು ಮತ್ತೆ ತರಲು ಹೇಳಿದ್ದೇನೆ. ಈ ಸಲ ಓದುತ್ತೇನೆ. ಲಾಭವೋ ಹಾನಿಯೋ, ಅಂಕಿ ಏನು ಹೇಳುತ್ತದೋ ನೋಡಿ ತೀರ್ಮಾನ. ಮುಂದಿನ ತಿಂಗಳು ಮತ್ತೆ ಗಾದಿಯ ಮೇಲೆ ಸಿಗೋಣ.